ವರ್ತಮಾನಪತ್ರಗಳೂ ಕನ್ನಡ ಶಾಲೆಯ ಮಾಸ್ತರರೂ

ತರ್ಕಶಾಸ್ತ್ರವನ್ನು ಪ್ರಾರಂಭಿಸುವ ಬಾಲಕನಿಗೆ ಮೊದಮೊದಲು ಕಲಿಸುವ ಪಾಠಗಳಲ್ಲಿ ಇದೊಂದು: ಕಣ್ಣಿಗೆ ಕಾಣದ ಸಂಗತಿಯನ್ನು ಪರರ ಮಾತಿನಿಂದ ತಿಳಿದುಕೊಳ್ಳಬಹುದು, ಆದರೆ ಆ ಮಾತನ್ನಾಡುವವನು ಆಪ್ತನಾಗಿರಬೇಕು. ಆಪ್ತನೆಂದರೆ ಇಲ್ಲಿ ಬಂಧುವಲ್ಲ, ಮಿತ್ರನೂ ಅಲ್ಲ. ಇದ್ದದ್ದನ್ನು ಇದ್ದಂತೆ ಬಲ್ಲವನು, ಬಲ್ಲದ್ದನ್ನು ಬಲ್ಲಂತೆ ಹೇಳುವವನು. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳಂಥ ಊರುಗಳಲ್ಲಿ ವಿದ್ಯಾವಂತರ ಮನೆಗಳಿಗೆ ಸರಕಾರಿ ಕನ್ನಡ ಶಾಲೆಯು ಈಗ ಪ್ರತ್ಯಕ್ಷ ವಸ್ತುವಾಗಿ ಉಳಿದಿಲ್ಲ. ಅಜ್ಜನು ಅಲ್ಲಿಯೇ ಅಕ್ಷರ ತಿದ್ದಿರುವನು. ಮೊಮ್ಮಗನು ಹಳದಿ ಬಣ್ಣದ ಮೋಟಾರಿನಲ್ಲಿ ಕುಳಿತು ಅದರ ಗೋಡೆಯನ್ನು ದಾಟಿ ಹೋಗುವನು. ಒಳಗೆ ಏನು ನಡೆದಿದೆ, ಮಾಸ್ತರನು ಹೇಗಿದ್ದಾನೆ, ಅಕ್ಕೋರು ಏನು ಕಲಿಸುತ್ತಿದ್ದಾರೆ ಎಂಬ ಜ್ಞಾನವೆಲ್ಲ ಆ ಮನೆಗೆ ಬರುವದು ಮುಂಜಾನೆಯ ವರ್ತಮಾನಪತ್ರದಿಂದ, ಸಾಯಂಕಾಲದ ದೂರದರ್ಶನ ವಾಹಿನಿಯಿಂದ. ಹೀಗಿರಲು ಶಾಲಾಮಾಸ್ತರನ ವಿಷಯದಲ್ಲಿ ವರ್ತಮಾನಪತ್ರವು ಆಪ್ತವೋ ಅಲ್ಲವೋ ಎಂಬದನ್ನು ವಿಚಾರಿಸುವದು ಅವಶ್ಯವಾಗಿದೆ.

ಪತ್ರಗಳು ಬರೆಯುವ ಮಾಸ್ತರನ ಚಿತ್ರಗಳು ಮುಖ್ಯವಾಗಿ ಎರಡು. ಮೊದಲನೆಯದು ವರ್ಷಕ್ಕೊಮ್ಮೆ ಬರುವದು. 1962ರಿಂದ ಸಪ್ಟಂಬರ 5ನೆಯ ದಿನವನ್ನು ರಾಧಾಕೃಷ್ಣನ್ ಅವರ ಜನ್ಮದಿನದ ನಿಮಿತ್ತ ಶಿಕ್ಷಕರ ದಿನವೆಂದು ಆಚರಿಸುತ್ತ ಬಂದಿರುವರು. ಅಂದು ಮಾಸ್ತರನು ಸಾಕ್ಷಾತ್ ಪರಬ್ರಹ್ಮನು. ದಾರಿ ತೋರುವ ದೀಪನು. ತಾನು ಕರಗಿ ಬೆಳಕು ಕೊಡುವ ಮೇಣದ ಬತ್ತಿಯು. (ಕರಗಿ ಹೋಗುವದೇ ಒಂದು ಗುಣವೆಂದು ಬೇರೆ ಯಾವ ಉದ್ಯೋಗಿಯನ್ನೂ ಹೊಗಳಿದ್ದು ಕಂಡುಬರುವದಿಲ್ಲ.) ಎರಡನೆಯ ಚಿತ್ರವು ಉಳಿದ ದಿನಗಳದು. ಅದರಲ್ಲಿ ಮಾಸ್ತರನು ಗೈರುಹಾಜರಾದವನು, ಬಡ್ಡಿಯ ವ್ಯವಹಾರದವನು, ಅಕ್ಕಿ ಕದ್ದವನು, ಮಕ್ಕಳನ್ನು ಹೊಡೆದವನು. ಏನೂ ಇಲ್ಲದಿದ್ದರೆ, ಅಧಿಕಾರಿಯ ಎದುರಿಗೆ ಉತ್ತರ ತೋಚದೆ ನಿಂತವನು. ಎರಡೂ ಚಿತ್ರಗಳಲ್ಲಿ ಕಾಣದಿರುವದು ಒಂದೇ: ಮೂವತ್ತು ಮಕ್ಕಳ ನಡುವೆ ನಿಂತು ಕಳೆಯುವ ಲೆಕ್ಕವನ್ನು ನಾಲ್ಕನೆಯ ಸಲ ಬಿಡಿಸಿ ತೋರಿಸುತ್ತಿರುವ ಮನುಷ್ಯ. ಅವನು ದೇವರೂ ಅಲ್ಲ, ಕಳ್ಳನೂ ಅಲ್ಲ. ಆದುದರಿಂದಲೇ ಬಾತ್ಮಿಯೂ ಅಲ್ಲ.

ಈ ಎರಡನೆಯ ಚಿತ್ರದಲ್ಲಿ ಒಂದು ಬಗೆಯನ್ನು ವಿಶೇಷವಾಗಿ ನೋಡತಕ್ಕದ್ದು. ಅಧಿಕಾರಿಯೋ ಜನಪ್ರತಿನಿಧಿಯೋ ಶಾಲೆಗೆ ಅಕಸ್ಮಾತ್ ಭೆಟ್ಟಿ ಕೊಡುವನು. ಹಿಂದೆ ಚಿತ್ರ ತೆಗೆಯುವವರಿರುವರು. ಮಾಸ್ತರನ ಕೈಗೆ ಸುಣ್ಣದ ಕಡ್ಡಿಯನ್ನು ಕೊಟ್ಟು ಹಲಗೆಯ ಮೇಲೆ ಒಂದು ಶಬ್ದವನ್ನು ಬರೆಯ ಹೇಳುವನು, ಇಲ್ಲವೆ ಮಗ್ಗಿಯನ್ನು ಕೇಳುವನು. ಮಕ್ಕಳು ಕುಳಿತು ನೋಡುವರು. ಮರುದಿನ ದಪ್ಪಕ್ಷರಗಳಲ್ಲಿ ಶಿಕ್ಷಕರನ್ನು 'ತರಾಟೆಗೆ ತೆಗೆದುಕೊಂಡರು', ಶಿಕ್ಷಕರಿಗೆ 'ಚಳಿ ಬಿಡಿಸಿದರು' ಎಂದು ಅಚ್ಚಾಗುವದು. ಮಾಸ್ತರನು ತಪ್ಪು ಬರೆದದ್ದು ನಿಜವಾಗಿದ್ದರೆ ಅದು ಕ್ಷುಲ್ಲಕ ದೋಷವೆಂದು ಯಾರೂ ಹೇಳಲಾರರು. ಆದರೆ ವೈದ್ಯನನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿಯೇ ನಿಲ್ಲಿಸಿ ಔಷಧಗಳ ಹೆಸರು ಕೇಳಿ, ಅವನು ತಡವರಿಸಿದ್ದನ್ನು ಚಿತ್ರ ತೆಗೆದು ಊರಿಗೆಲ್ಲ ಹಂಚುವ ಧೈರ್ಯವು ಯಾರಿಗಾದರೂ ಬಂದಿದೆಯೆ? ತಹಶೀಲದಾರನನ್ನು ರೈತರ ಎದುರಿಗೆ ಭೂಕಂದಾಯದ ಕಾಯಿದೆಯ ಕಲಮುಗಳನ್ನು ಒಪ್ಪಿಸೆಂದು ಹೇಳಿದವರುಂಟೆ? ಪರೀಕ್ಷಿಸುವದಾದರೆ ಖಾತೆಯು ಕೋಣೆಯಲ್ಲಿ ಕೂಡ್ರಿಸಿ ಪರೀಕ್ಷಿಸಲಿ. ಅಯೋಗ್ಯನಾದರೆ ತರಬೇತಿಗೆ ಕಳಿಸಲಿ, ಇಲ್ಲವೆ ತೆಗೆದು ಹಾಕಲಿ. ಮಕ್ಕಳ ಎದುರಿಗೆ ಅವನ ಮಾನವನ್ನು ಕಳೆದ ಮೇಲೆ, ಅಧಿಕಾರಿಯ ಮೋಟಾರು ಧೂಳೆಬ್ಬಿಸಿ ಹೋದ ಅರ್ಧ ಗಳಿಗೆಗೆ, ಅದೇ ಮಾಸ್ತರನೇ ಅದೇ ಮಕ್ಕಳಿಗೆ ಮುಂದಿನ ಪಾಠವನ್ನು ಹೇಳಬೇಕಾಗಿದೆ. ಆ ಪಾಠವನ್ನು ಮಕ್ಕಳು ಯಾವ ಶ್ರದ್ಧೆಯಿಂದ ಕೇಳುವರೆಂಬ ಪ್ರಶ್ನೆಯು ಅಧಿಕಾರಿಗೂ ಹೊಳೆಯಲಿಲ್ಲ, ಬಾತ್ಮೀದಾರನಿಗೂ ಹೊಳೆಯಲಿಲ್ಲ.

ಇನ್ನು ಗೈರುಹಾಜರಿಯ ಮಾತು. 2003ರಲ್ಲಿ ಜಾಗತಿಕ ಬ್ಯಾಂಕಿನ ಸಂಶೋಧಕರು ಈ ದೇಶದ ಸುಮಾರು 3,700 ಶಾಲೆಗಳಿಗೆ ಮುನ್ಸೂಚನೆಯಿಲ್ಲದೆ ಹೋಗಿ ಎಣಿಸಿ ನೋಡಿದರು. ಸರಕಾರಿ ಪ್ರಾಥಮಿಕ ಶಾಲೆಗಳ ನೂರು ಶಿಕ್ಷಕರಲ್ಲಿ ಇಪ್ಪತ್ತೈದು ಜನರು ಶಾಲೆಯಲ್ಲಿರಲಿಲ್ಲ. ಪಾಠದಲ್ಲಿ ತೊಡಗಿದ್ದವರು ಸುಮಾರು ಅರ್ಧದಷ್ಟು ಜನರು ಮಾತ್ರ. ಈ ಲೆಕ್ಕವನ್ನು ಸುಳ್ಳೆಂದು ತಳ್ಳಿಹಾಕುವದು ಪ್ರಾಮಾಣಿಕತೆಯಲ್ಲ. ಆದರೆ ಆ 'ಇಪ್ಪತ್ತೈದು' ಎಂಬ ಸಂಖ್ಯೆಯು ಎರಡು ದಶಕಗಳಿಂದ ಲೇಖನದಿಂದ ಲೇಖನಕ್ಕೆ ಅಂಧಪರಂಪರಾನ್ಯಾಯದಿಂದ ನಡೆದು ಬರುತ್ತಿದೆ. ಮುಂದಿನ ಕುರುಡನ ಹೆಗಲ ಮೇಲೆ ಹಿಂದಿನ ಕುರುಡನ ಕೈ. 2017ರಲ್ಲಿ ಅಜೀಂ ಪ್ರೇಮಜಿ ಫೌಂಡೇಶನ್ನಿನವರು ಆರು ರಾಜ್ಯಗಳ 619 ಶಾಲೆಗಳಲ್ಲಿ ಇನ್ನೊಂದು ಶೋಧನೆಯನ್ನು ನಡೆಸಿದರು. ಅಲ್ಲಿಯೂ ಶಾಲೆಯಲ್ಲಿ ಕಾಣದಿದ್ದ ಶಿಕ್ಷಕರು ನೂರಕ್ಕೆ 18.5 ಇದ್ದರು. ಆದರೆ ಆ ಸಂಶೋಧಕರು ಒಂದು ಹೆಜ್ಜೆ ಮುಂದೆ ಹೋಗಿ ಏಕೆ ಇಲ್ಲ ಎಂದು ಕೇಳಿದರು. ಯಾವ ಕಾರಣವೂ ಇಲ್ಲದೆ ತಪ್ಪಿಸಿಕೊಂಡವರು ನೂರಕ್ಕೆ 2.5 ಮಾತ್ರ, ಉಳಿದವರು ರಜೆಯ ಮೇಲಿದ್ದವರು, ಇಲ್ಲವೆ ಸರಕಾರಿ ಕೆಲಸದ ಮೇಲೆ ಕಳಿಸಲ್ಪಟ್ಟವರು. ನೂರಕ್ಕೆ ಎರಡೂವರೆ ಜನರು ಕಳ್ಳರಾದದ್ದೂ ಲಜ್ಜಾಸ್ಪದವೇ. ಆದರೂ ಎರಡೂವರೆಗೂ ಇಪ್ಪತ್ತೈದಕ್ಕೂ ಇರುವ ಅಂತರವು ಕಳ್ಳನಿಗೂ ಊರಿಗೂ ಇರುವ ಅಂತರವಾಗಿದೆ.

ಸ್ಥಾಲೀಪುಲಾಕನ್ಯಾಯವೆಂಬದನ್ನು ವಾಚಕರು ಬಲ್ಲರು. ಪಾತ್ರೆಯೊಳಗಿನ ಒಂದು ಅಗಳನ್ನು ಹಿಸುಕಿ ನೋಡಿ ಅನ್ನವೆಲ್ಲ ಬೆಂದಿದೆಯೆಂದು ತಿಳಿಯುವದು. ಈ ನ್ಯಾಯವು ಅನ್ನಕ್ಕೆ ಸಲ್ಲುವದು, ಏಕೆಂದರೆ ಅಗಳುಗಳೆಲ್ಲ ಒಂದೇ ಅಕ್ಕಿ, ಒಂದೇ ನೀರು, ಒಂದೇ ಬೆಂಕಿ. ಮನುಷ್ಯರ ವಿಷಯದಲ್ಲಿ ಅದನ್ನು ಪ್ರಯೋಗಿಸಿದರೆ ಅತಿವ್ಯಾಪ್ತಿಯೆಂಬ ದೋಷವು ಬರುವದು. ಜಿಲ್ಹೆಯ ಯಾವದೋ ಮೂಲೆಯಲ್ಲಿ ಒಬ್ಬನು ಕುಡಿದು ಶಾಲೆಗೆ ಬಂದನೆಂದು ಬಾತ್ಮಿ. ಅದು ಅಚ್ಚಾಗಲೇಬೇಕು. ಆದರೆ ಅದರ ಮೇಲೆ 'ಶಿಕ್ಷಕರಿಗೇನಾಗಿದೆ?' ಎಂದು ಬಹುವಚನದಲ್ಲಿ ತಲೆಬರಹವನ್ನು ಕಟ್ಟುವದು ಯಾವ ವ್ಯಾಕರಣ?

'ಸರಕಾರಿ ಕೆಲಸದ ಮೇಲೆ ಹೋದವನು' ಎಂಬ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 27ನೆಯ ಕಲಮಿನಂತೆ ಶಿಕ್ಷಕನನ್ನು ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಆಪತ್ಕಾಲದ ಪರಿಹಾರ ಮತ್ತು ಚುನಾವಣೆ ಇವುಗಳ ಹೊರತು ಬೇರೆ ಅಶೈಕ್ಷಣಿಕ ಕೆಲಸಕ್ಕೆ ಹಚ್ಚಕೂಡದು. ಅದಕ್ಕೂ ಮೊದಲು, 2007ರಲ್ಲಿ, ಸರ್ವೋಚ್ಚ ನ್ಯಾಯಾಲಯವು ಮತದಾರರ ಯಾದಿಯನ್ನು ತಿದ್ದುವ ಕೆಲಸವನ್ನು ಶಿಕ್ಷಕರಿಂದ ರಜೆಯ ದಿನಗಳಲ್ಲಿಯೂ ಪಾಠವಿಲ್ಲದ ಹೊತ್ತಿನಲ್ಲಿಯೂ ಮಾತ್ರ ಮಾಡಿಸತಕ್ಕದ್ದೆಂದು ಹೇಳಿತ್ತು. ಆಪತ್ಕಾಲದ ಕೆಲಸದ ಬಗ್ಗೆ ಈ ಜಿಲ್ಹೆಯವರಿಗೆ ಹೇಳಬೇಕಾದದ್ದೇನೂ ಇಲ್ಲ. 2019ರ ಆಗಸ್ಟದಲ್ಲಿ ಮಲಪ್ರಭೆಯೂ ಘಟಪ್ರಭೆಯೂ ಉಕ್ಕಿ ಬಾದಾಮಿ, ಹುನಗುಂದ, ಮುಧೋಳ ತಾಲೂಕುಗಳ ಊರುಗಳೊಳಗೆ ನುಗ್ಗಿ, ಪಟ್ಟದಕಲ್ಲಿನ ಗುಡಿಗಳೇ ನೀರಿನಲ್ಲಿ ನಿಂತಾಗ, ಶಾಲೆಯ ಕೋಣೆಗಳೇ ಪರಿಹಾರ ಕೇಂದ್ರಗಳಾದವು. ಅಂಥ ಸಮಯದಲ್ಲಿ ಪಾಠವು ನಿಂತಿತೆಂದು ದೂರುವ ಪಾಮರನು ಯಾರೂ ಇಲ್ಲ.

ಆದರೆ 2025ರ ಸಪ್ಟಂಬರ 22ರಂದು ರಾಜ್ಯದಲ್ಲಿ ಪ್ರಾರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯು ಜನಗಣತಿಯೂ ಅಲ್ಲ, ನೆರೆಯೂ ಅಲ್ಲ. ಸಮೀಕ್ಷೆಯೇ ಬೇಡವೆಂದು ಇಲ್ಲಿ ವಾದವಿಲ್ಲ. ಹಿಂದುಳಿದವರ ಸ್ಥಿತಿಗತಿಯನ್ನು ಸರಕಾರವು ತಿಳಿಯದೆ ಹೇಗೆ ಸುಧಾರಿಸೀತು? ಸುಮಾರು ಒಂದೂಮುಕ್ಕಾಲು ಲಕ್ಷ ಗಣತಿದಾರರಲ್ಲಿ ಬಹುತೇಕರು ಶಾಲಾಶಿಕ್ಷಕರೇ ಆಗಿದ್ದರೆಂಬದು ಇಲ್ಲಿಯ ವಿಷಯ. ದಸರೆಯ ರಜೆಯು ಅಕ್ಟೋಬರ 7ಕ್ಕೆ ಮುಗಿಯಬೇಕಾಗಿದ್ದರೂ ಕೆಲಸವು ಮುಗಿಯದ್ದರಿಂದ ಶಾಲೆಗಳನ್ನು ಅಕ್ಟೋಬರ 18ರ ವರೆಗೆ ಮುಚ್ಚಿದರು. ಕೈಯಲ್ಲಿ ಮೊಬೈಲು ಹಿಡಿದು, ಮನೆಯ ವಿದ್ಯುತ್ ಮೀಟರಿನ ಅಂಕಿಯನ್ನು ಹುಡುಕುತ್ತ, ನಾಯಿ ಬೊಗಳುವ ಅಂಗಳಗಳಲ್ಲಿ ನಿಂತ ಶಿಕ್ಷಕಿಯರನ್ನು ಊರೆಲ್ಲ ನೋಡಿತು. ಪತ್ರಗಳಲ್ಲಿ ಯಾವ ಜಿಲ್ಹೆಯಲ್ಲಿ ನೂರಕ್ಕೆ ಎಷ್ಟು ಮನೆ ಮುಗಿಯಿತೆಂಬ ಲೆಕ್ಕವು ಬಂದಿತು. ಅಲಕ್ಷ್ಯ ಮಾಡಿದವರ ಅಮಾನತಿನ ಬಾತ್ಮಿಯೂ ಬಂದಿತು. ತಪ್ಪಿದ ಪಾಠಗಳ ಲೆಕ್ಕವು ಎಷ್ಟು ಅಂಕಣಗಳನ್ನು ಪಡೆಯಿತೆಂಬದನ್ನು ಪತ್ರಗಳ ಕಟ್ಟನ್ನು ಇಟ್ಟುಕೊಂಡವರು ತಾವೇ ಅಳೆದು ನೋಡಲಿ.

2020ರ ಕಥೆಯು ಇದಕ್ಕಿಂತ ದೊಡ್ಡದು, ಅದನ್ನು ಮರೆಯುವದು ನ್ಯಾಯವಲ್ಲ. ಆ ವರ್ಷದ ಮಾರ್ಚದಲ್ಲಿ ಸಾಂಕ್ರಾಮಿಕದ ಭಯದಿಂದ ಶಾಲೆಗಳು ಮುಚ್ಚಿದವು. ಪೇಟೆಯ ಮಕ್ಕಳಿಗೆ ಮನೆಯಲ್ಲಿ ಯಂತ್ರವಿತ್ತು, ಯಂತ್ರದೊಳಗೆ ಪಾಠವಿತ್ತು. ದಾಳಿಂಬೆಯ ತೋಟದಲ್ಲಿ ಕೂಲಿ ಮಾಡುವವರ, ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕುಳಿತು ನೇಯುವವರ ಮಕ್ಕಳಿಗೆ ಎರಡೂ ಇರಲಿಲ್ಲ. ಆಗಸ್ಟದಲ್ಲಿ ವಿದ್ಯಾಖಾತೆಯು 'ವಿದ್ಯಾಗಮ'ವೆಂಬ ಕಾರ್ಯಕ್ರಮವನ್ನು ಪ್ರಾರಂಭಿಸಿತು. ಮಕ್ಕಳು ಶಾಲೆಗೆ ಬರಲಾರದಿದ್ದರೆ ಶಾಲೆಯೇ ಮಕ್ಕಳಿದ್ದಲ್ಲಿಗೆ ಹೋಗತಕ್ಕದ್ದು. ಗುಡಿಯ ಪಡಸಾಲೆಯಲ್ಲಿ, ಅಗಸಿಯ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ ಹತ್ತಿಪ್ಪತ್ತು ಮಕ್ಕಳನ್ನು ಅಂತರದಲ್ಲಿ ಕೂಡ್ರಿಸಿ ಮಾಸ್ತರರು ಪಾಠ ಹೇಳಿದರು. ಪುರಾತನ ಕಾಲದ ಮಠದ ಪದ್ಧತಿಯೇ ಮರಳಿ ಬಂದಂತಾಯಿತು. ಆಗ ಲಸಿಕೆಯಿರಲಿಲ್ಲ. ಮಾಸ್ತರನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಓಣಿಯಿಂದ ಓಣಿಗೆ ಹೋದನು. ಮನೆಗೆ ಬಂದು ಹೊರಗೆ ನಿಂತು ಸ್ನಾನ ಮಾಡಿ ಒಳಗೆ ಬಂದನು.

ಮೊದಲ ವಾರಗಳಲ್ಲಿ ಪತ್ರಗಳೂ ವಾಹಿನಿಗಳೂ ಇದನ್ನು ಕೊಂಡಾಡಿದವು. ಮುಂದೆ ಅಲ್ಲಲ್ಲಿ ಶಿಕ್ಷಕರಿಗೂ ಮಕ್ಕಳಿಗೂ ರೋಗ ತಗಲಿದ ಬಾತ್ಮಿಗಳು ಬಂದವು. ಶಿಕ್ಷಕರು ಸತ್ತ ಬಾತ್ಮಿಗಳೂ ಬಂದವು. ಆಗ ಸ್ವರವು ತಿರುಗಿತು. ನಿನ್ನೆ ಮರದಡಿಯ ಗುರುಕುಲವಾಗಿದ್ದದ್ದು ಇಂದು ರೋಗದ ಬೀಡಾಯಿತು. ನಿನ್ನೆಯ ಗುರುವು ಇಂದು ಮನೆಮನೆಗೆ ಸೋಂಕನ್ನು ಹೊತ್ತು ತರುವವನಾದನು. ಅದೇ ಬೀದಿಗಳಲ್ಲಿ ಸಂತೆಗಳು ನೆರೆಯುತ್ತಿದ್ದವು, ಮದುವೆಗಳು ನಡೆಯುತ್ತಿದ್ದವು, ಮಕ್ಕಳು ಎಲ್ಲ ಕಡೆಗೂ ಆಡುತ್ತಿದ್ದರು. ಪಾಠದಿಂದ ತಗಲಿತೋ ಸಂತೆಯಿಂದ ತಗಲಿತೋ ಎಂಬದನ್ನು ನಿರ್ಣಯಿಸುವ ತಾಳ್ಮೆ ಯಾರಿಗಿತ್ತು? ಕಾಗೆ ಕೂತದ್ದಕ್ಕೂ ತಾಳೆಹಣ್ಣು ಬಿದ್ದದ್ದಕ್ಕೂ ಕಾರ್ಯಕಾರಣಸಂಬಂಧವು ಒಂದೇ ರಾತ್ರಿಯಲ್ಲಿ ಸಿದ್ಧವಾಯಿತು. ಅಕ್ಟೋಬರ 10ಕ್ಕೆ ಸರಕಾರವು ವಿದ್ಯಾಗಮವನ್ನು ನಿಲ್ಲಿಸಿತು. ಅದು ಬೇರೆ ರೂಪದಲ್ಲಿ ಮತ್ತೆ ಪ್ರಾರಂಭವಾದದ್ದು 2021ರ ಜನವರಿ 1ರಂದು. ನಡುವಿನ ಹನ್ನೆರಡು ವಾರಗಳಲ್ಲಿ ಬೇವಿನ ನೆರಳು ಅಲ್ಲಿಯೇ ಇತ್ತು. ಮಕ್ಕಳು ಮಾತ್ರ ಹೊಲಕ್ಕೆ ಹೋದರು.

ನಿಲ್ಲಿಸಿದ್ದು ತಪ್ಪೋ ಸರಿಯೋ ಎಂಬದರಲ್ಲಿ ಪ್ರಾಜ್ಞರಲ್ಲಿ ಭಿನ್ನಾಭಿಪ್ರಾಯವಿರಬಹುದು. ಸತ್ತ ಶಿಕ್ಷಕರ ಮನೆಯವರನ್ನು ಕೇಳಿದರೆ ಮೊದಲೇ ನಿಲ್ಲಿಸಬೇಕಿತ್ತು ಎಂದಾರು. ಅವರ ಮಾತಿಗೆ ಎದುರಾಡುವ ಅಧಿಕಾರವು ಯಾರಿಗೂ ಇಲ್ಲ. ತಕರಾರು ಇರುವದು ಪತ್ರಗಳ ಅಳತೆಗೋಲಿನ ಮೇಲೆ. 2021ರ ಏಪ್ರಿಲ 17ರಂದು, ರೋಗದ ಎರಡನೆಯ ತೆರೆಯು ಏರುತ್ತಿದ್ದಾಗಲೇ, ನೆರೆಯ ಬೆಳಗಾವಿ ಲೋಕಸಭಾಕ್ಷೇತ್ರದಲ್ಲಿ ಉಪಚುನಾವಣೆ ನಡೆಯಿತು. ಮತಗಟ್ಟೆಗಳಲ್ಲಿ ಶಿಕ್ಷಕರು ಕುಳಿತರು. ಅದೇ ಕಾಲದಲ್ಲಿ ಉತ್ತರ ಪ್ರದೇಶದ ಪಂಚಾಯತ ಚುನಾವಣೆಯ ಕೆಲಸಕ್ಕೆ ಹೋಗಿ 1,621 ಜನರು ಸತ್ತರೆಂದು ಅಲ್ಲಿಯ ಶಿಕ್ಷಕರ ಸಂಘವು ಯಾದಿಯನ್ನು ಕೊಟ್ಟರೆ, ಅಲ್ಲಿಯ ಸರಕಾರವು ಮೊದಲು ಮೂವರೆಂದು ಹೇಳಿತು. ಹತ್ತು ಮಕ್ಕಳ ನಡುವೆ ಬೇವಿನ ನೆರಳಿನಲ್ಲಿ ಕುಳಿತಾಗ ಅಪಾಯಕಾರಿಯಾಗಿದ್ದ ಮಾಸ್ತರನು, ಸಾವಿರ ಜನರು ಸಾಲುಗಟ್ಟಿದ ಮತಗಟ್ಟೆಯಲ್ಲಿ ಕುಳಿತಾಗ ಪ್ರಜಾಪ್ರಭುತ್ವದ ಸೇವಕನಾದನು.

ಮುಂದೆ ಕಲಿಕೆಯ ಲೆಕ್ಕವು ಬಂದಿತು. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನು ಓದಿಸಿ ನೋಡುವ 'ಅಸರ್' ವರದಿಯ ಪ್ರಕಾರ, ದೇಶದ ಐದನೆಯ ಇಯತ್ತೆಯ ಮಕ್ಕಳಲ್ಲಿ ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲವರು 2018ರಲ್ಲಿ ನೂರಕ್ಕೆ 50.5 ಇದ್ದದ್ದು 2022ರಲ್ಲಿ 42.8ಕ್ಕೆ ಇಳಿಯಿತು. ಇಳಿದಾಗ ವಾಕ್ಯದಲ್ಲಿ ಕರ್ತೃವು ಸ್ಪಷ್ಟವಾಗಿದ್ದನು: ಶಿಕ್ಷಕನು ಕಲಿಸಲಿಲ್ಲ. 2024ರಲ್ಲಿ ಅದೇ ಸಂಖ್ಯೆಯು 48.8ಕ್ಕೆ ಏರಿತು. ಈ ರಾಜ್ಯದಲ್ಲಿ 2022-23ರಲ್ಲಿ 'ಕಲಿಕಾ ಚೇತರಿಕೆ'ಯೆಂಬ ಹೆಸರಿನಿಂದ ಬಿಟ್ಟುಹೋದ ಪಾಠಗಳನ್ನು ಮೊದಲಿನಿಂದ ಹೇಳಿಕೊಟ್ಟವರು ಯಾರು? ಅದೇ ಮಾಸ್ತರರು, ಅದೇ ಅಕ್ಕೋರು. ಆದರೆ ಏರಿದಾಗ ವಾಕ್ಯವು ಕರ್ಮಣಿ ಪ್ರಯೋಗಕ್ಕೆ ತಿರುಗಿ 'ಸುಧಾರಣೆ ಕಂಡುಬಂದಿದೆ' ಎಂದಾಗುವದು, ಕರ್ತೃಪದವೇ ಲೋಪ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಲ್ಲುವರು. 'ದೋಷವನ್ನು ತೋರಿಸುವದೇ ಪತ್ರದ ಧರ್ಮ, ಮಾಸ್ತರರೇನು ದೋಷರಹಿತರೆ?' ಅಲ್ಲವೇ ಅಲ್ಲ. 2023ರ ಡಿಸೆಂಬರದಲ್ಲಿ ಕೋಲಾರ ಜಿಲ್ಹೆಯ ಮಾಲೂರು ತಾಲೂಕಿನ ಒಂದು ವಸತಿಶಾಲೆಯಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸಂಗತಿಯು ಹೊರಬಿದ್ದಿತು. ಚಿತ್ರಗಳೂ ಬಾತ್ಮಿಯೂ ಹೊರಗೆ ಬಾರದಿದ್ದರೆ ಆ ಮಕ್ಕಳಿಗೆ ದಿಕ್ಕೇ ಇರುತ್ತಿರಲಿಲ್ಲ. ಅಂಥ ಬಾತ್ಮಿಯನ್ನು ಎಷ್ಟು ದಪ್ಪಕ್ಷರಗಳಲ್ಲಿ ಅಚ್ಚು ಹಾಕಿದರೂ ಕಡಿಮೆಯೇ. ಅದರಂತೆಯೇ ಹತ್ತನೆಯ ಇಯತ್ತೆಯ ಪರೀಕ್ಷೆಯ ಮಾತು. 2023ರಲ್ಲಿ ನೂರಕ್ಕೆ 83.89 ಜನರು ತೇರ್ಗಡೆಯಾದರು. 2024ರಲ್ಲಿ ಕೋಣೆಕೋಣೆಗೂ ಕ್ಯಾಮರಾಗಳನ್ನಿಟ್ಟು ದೂರದಿಂದ ಕಾವಲು ಕಾಯ್ದರು. ಕೃಪಾಂಕಗಳನ್ನು ಹೆಚ್ಚಿಸಿದರೂ ಸಂಖ್ಯೆಯು 73.40ಕ್ಕೆ ಬಂದಿತು. ಕೃಪಾಂಕಗಳನ್ನು ತೆಗೆದ 2025ರ ಮೊದಲ ಪರೀಕ್ಷೆಯಲ್ಲಿ ಅದು 62.34. ಹಿಂದಿನ ವರ್ಷಗಳ ಹೆಮ್ಮೆಯಲ್ಲಿ ಎಷ್ಟು ಭಾಗವು ಪಾಠದಿಂದ ಬಂದದ್ದು, ಎಷ್ಟು ಭಾಗವು ಕಿಟಕಿಯಿಂದ ಬಂದದ್ದು ಎಂದು ಯಾರಾದರೂ ಕೇಳಿದರೆ ಶಿಕ್ಷಕವರ್ಗವು ತಲೆ ತಗ್ಗಿಸಬೇಕಾಗುವದು. ಕಿಟಕಿಯ ಕಡೆಗೆ ಬೆನ್ನು ಮಾಡಿ ನಿಂತವರಲ್ಲಿ ಮಾಸ್ತರರೂ ಇದ್ದರು. ವೇತನದ ವಿಷಯ ಬಂದಾಗ ಗರ್ಜಿಸುವ ಶಿಕ್ಷಕರ ಸಂಘಗಳು ಇಂಥ ವಿಷಯದಲ್ಲಿ ಮೌನವ್ರತವನ್ನು ಹಿಡಿಯುವದೂ ಎಲ್ಲರಿಗೂ ಗೊತ್ತಿದ್ದದ್ದೇ.

ಆದರೆ ಹಿಂದಿನ ವರ್ಷಗಳಲ್ಲಿ 'ನೂರಕ್ಕೆ ನೂರು ಫಲಿತಾಂಶ'ದ ಶಾಲೆಗಳ ಹೊಗಳಿಕೆಯನ್ನು ಅಚ್ಚು ಹಾಕಿದವರು ಯಾರು? ಏಪ್ರಿಲದಿಂದ ಜೂನದ ವರೆಗೆ ಪತ್ರಗಳ ಪುಟಗಳನ್ನು ತಿರುವಿ ನೋಡಿದರೆ ಖಾಸಗಿ ಶಾಲೆಗಳ ಜಾಹೀರಾತುಗಳು ಕಾಣುವವು. ಅಂಚೆಯ ತಿಕೀಟುಗಳಂತೆ ಅಂಟಿಸಿದ ಮಕ್ಕಳ ಮುಖಗಳು, ಅವುಗಳ ಕೆಳಗೆ ಅಂಕಿಗಳು. ಸರಕಾರಿ ಕನ್ನಡ ಶಾಲೆಯು ಜಾಹೀರಾತನ್ನು ಕೊಡುವದಿಲ್ಲ. ಜಾಹೀರಾತು ಕೊಡುವ ಶಾಲೆಯೊಳಗೆ ಶಿಕ್ಷಕರಿಗೆ ಎಷ್ಟು ಸಂಬಳ, ಮಧ್ಯದಲ್ಲಿ ಬಿಟ್ಟುಹೋದವರೆಷ್ಟು ಎಂಬ ಶೋಧನೆಗೆ ಕ್ಯಾಮರಾ ಹೊತ್ತು ಅಕಸ್ಮಾತ್ ಭೆಟ್ಟಿ ಕೊಡುವವರು ಅಪರೂಪ; ಅಲ್ಲಿಯ ಬಾಗಿಲಲ್ಲಿ ಕಾವಲುಗಾರನಿರುವನು. ಸರಕಾರಿ ಶಾಲೆಗೆ ಬಾಗಿಲಿದ್ದರೂ ಕಾವಲುಗಾರನಿಲ್ಲ, ಆದ್ದರಿಂದ ಎಲ್ಲರೂ ಒಳಗೆ ಬರುವರು. ತೆರೆದ ಮನೆಯ ಕಸವೇ ಊರಿಗೆ ಕಾಣುವದು.

ತಾಲೂಕಿನ ಬಾತ್ಮೀದಾರನನ್ನು ಮಾತ್ರ ದೂಷಿಸಿ ಫಲವಿಲ್ಲ. ಅವರಲ್ಲಿ ಅನೇಕರ ಸಂಭಾವನೆಯು ಹೇಳಿಕೊಳ್ಳುವಂಥದಲ್ಲ. ತಿಂಗಳಿಗೆ ಹತ್ತು-ಹನ್ನೆರಡು ಸಾವಿರ ರೂಪಾಯಿಗಳಿಗೆ ದುಡಿಯುವ ಅತಿಥಿ ಶಿಕ್ಷಕನ ಸ್ಥಿತಿಯೂ ಅವನ ಸ್ಥಿತಿಯೂ ಬಹಳ ದೂರವಿಲ್ಲ. ತಲೆಬರಹವನ್ನು ಕಟ್ಟುವವನು ಬೇರೆ ಊರಿನಲ್ಲಿ ಕುಳಿತಿರುವನು. ಇಬ್ಬರು ಬಡವರನ್ನು ಎದುರುಬದುರು ನಿಲ್ಲಿಸಿ ಮೂರನೆಯವನು ಪತ್ರವನ್ನು ಮಾರುವನು.

ಕನ್ನಡ ಪತ್ರಗಳಿಗೂ ಕನ್ನಡ ಮಾಸ್ತರರಿಗೂ ಇದ್ದ ಸಂಬಂಧವು ಹಿಂದೆ ಹೀಗಿರಲಿಲ್ಲ. ಕಲಾದಗಿಯು ಇನ್ನೂ ಜಿಲ್ಹೆಯ ಮುಖ್ಯ ಸ್ಥಳವಾಗಿದ್ದ ಕಾಲದಲ್ಲಿ, ಈ ಸೀಮೆಯ ಶಾಲೆಗಳಲ್ಲಿ ಮರಾಠಿಯು ತುಂಬಿಕೊಂಡಿದ್ದಾಗ, ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಕಟ್ಟಿ ನಿಲ್ಲಿಸಿದರು. ಆ ಕಾಲದಲ್ಲಿಯೇ, 1865ರಲ್ಲಿ, 'ಮಠಪತ್ರಿಕೆ'ಯು ಹೊರಟಿತು. ಮಠವೆಂದರೆ ಆಗ ಶಾಲೆ. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿದ ಮೇಲೆ ಕನ್ನಡದಲ್ಲಿ ಬರೆದವರಲ್ಲಿಯೂ ಓದಿದವರಲ್ಲಿಯೂ ಶಾಲಾಮಾಸ್ತರರು ಎಷ್ಟು ಜನರೆಂಬದನ್ನು ಸಾಹಿತ್ಯದ ಇತಿಹಾಸವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಊರಿಗೆ ಬರುವ ಒಂದೇ ಪತ್ರವನ್ನು ಚಾವಡಿಯಲ್ಲಿ ಗಟ್ಟಿಯಾಗಿ ಓದಿ ಹೇಳುತ್ತಿದ್ದವನು ಮಾಸ್ತರನೇ. ಇಂದಿಗೂ ಕನ್ನಡ ಪತ್ರವನ್ನು ಓದಬಲ್ಲ ಹೊಸ ವಾಚಕನು ಹುಟ್ಟುವದು ಹೆಚ್ಚಾಗಿ ಆ ಕನ್ನಡ ಶಾಲೆಯಲ್ಲಿಯೇ. ಶಾಲೆಯ ಮೇಲಿನ ನಂಬಿಗೆಯನ್ನು ದಿನಕ್ಕಿಷ್ಟು ಕೆತ್ತುತ್ತ ಹೋದರೆ ತಂದೆತಾಯಿಗಳು ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವರು. ಆ ಮಕ್ಕಳು ದೊಡ್ಡವರಾಗಿ ಕನ್ನಡ ಪತ್ರವನ್ನು ಕೊಳ್ಳುವರೆಂಬ ಭರವಸೆಯು ಸಂಪಾದಕರಿಗೆ ಎಲ್ಲಿಂದ ಬಂದಿತೋ ತಿಳಿಯದು. ಕೂತ ಕೊಂಬೆಯನ್ನು ಕಡಿಯುವವನು ಕೊಡಲಿಯ ಹರಿತವನ್ನು ಹೊಗಳಿಕೊಂಡಂತಿದೆ.

2024ರಲ್ಲಿ ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ರಾಜ್ಯಕ್ಕೇ ಮೊದಲಿಗಳಾಗಿ 625ಕ್ಕೆ 625 ಅಂಕಗಳನ್ನು ಪಡೆದವಳು ಈ ಜಿಲ್ಹೆಯವಳೇ. ಮುಧೋಳ ತಾಲೂಕಿನ ಸರಕಾರಿ ವಸತಿಶಾಲೆಯ ಬಾಲಿಕೆ. ಜಿಲ್ಹೆಯೆಲ್ಲ ಹಿಗ್ಗಿತು, ಹಿಗ್ಗತಕ್ಕದ್ದೇ. ಇಂಥ ಪ್ರಸಂಗಗಳಲ್ಲಿ ಮಗುವಿಗೆ ಕೇಳುವ ಪ್ರಶ್ನೆಗಳು ಬಹುತರವಾಗಿ ಇಷ್ಟೆ: ದಿನಕ್ಕೆ ಎಷ್ಟು ತಾಸು ಓದಿದಿ, ಮುಂದೆ ಏನಾಗುವಿ. ಆ ವಸತಿಶಾಲೆಯಲ್ಲಿ ಗಣಿತವನ್ನು ಹೇಳಿಕೊಟ್ಟವರ ಹೆಸರನ್ನು ಈ ಲೇಖನವನ್ನು ಓದುವ ಮನೆಗಳಲ್ಲಿ ಎಷ್ಟು ಜನರು ಬಲ್ಲರು? ಅದೇ ವರ್ಷ ಅಮಾನತಾದ ಯಾವನೋ ಒಬ್ಬ ಮಾಸ್ತರನ ಹೆಸರನ್ನು ಕೇಳಿದರೆ ನಾಲ್ಕು ಜನರಾದರೂ ಹೇಳಿಯಾರು.

ಹಾಗಾದರೆ ಪತ್ರಗಳು ಏನು ಮಾಡಬೇಕು? ಹೊಗಳಿಕೆಯು ಬೇಡ, ಸಪ್ಟಂಬರದ ಮೇಣದ ಬತ್ತಿಯನ್ನೂ ಆರಿಸಿಬಿಡಲಿ. ಅಮಾನತಿನ ಬಾತ್ಮಿಯು ಮೂರನೆಯ ಪುಟದಲ್ಲಿ ಬಂದಿದ್ದರೆ, ವಿಚಾರಣೆಯಲ್ಲಿ ನಿರ್ದೋಷಿಯೆಂದು ತೀರ್ಮಾನವಾದ ಬಾತ್ಮಿಯೂ ಅದೇ ಮೂರನೆಯ ಪುಟದಲ್ಲಿ ಅಷ್ಟೇ ದಪ್ಪಕ್ಷರಗಳಲ್ಲಿ ಬರಲಿ. ಒಬ್ಬನು ತಪ್ಪು ಮಾಡಿದರೆ ತಲೆಬರಹವು ಏಕವಚನದಲ್ಲಿರಲಿ. ಮಕ್ಕಳ ಎದುರಿಗೆ ಮಾಸ್ತರನನ್ನು ಪರೀಕ್ಷಿಸುವ ಚಿತ್ರವನ್ನು ಅಧಿಕಾರಿಯ ಮನೆಯವರ ಹೊರತು ಬೇರೆ ಯಾರಿಗೂ ಕಳಿಸಬಾರದು. ಶಾಲೆಯಲ್ಲಿ ಮಾಸ್ತರನು ಕಾಣದಿದ್ದರೆ ಬಾತ್ಮೀದಾರನು ಹಾಜರಿ ಪುಸ್ತಕದ ಜತೆಗೆ ಚಲನವಲನ ವಹಿಯನ್ನೂ ತೆರೆದು ನೋಡಲಿ. ಯಾವ ಹುಕುಮಿನ ಮೇಲೆ, ಯಾರು, ಎಲ್ಲಿಗೆ ಕಳಿಸಿದರೆಂಬದು ಅಲ್ಲಿ ಒಂದು ಸಾಲಿನಲ್ಲಿ ಬರೆದಿರುವದು. ಬರೆದಿರದಿದ್ದರೆ ಆಗ ಮಾಸ್ತರನನ್ನು ಬಿಡಬೇಕಾಗಿಲ್ಲ.

ಜನಗಣತಿಯ ಆಧಾರದಿನವು 2027ರ ಮಾರ್ಚ 1 ಎಂದು ಕೇಂದ್ರ ಸರಕಾರವು 2025ರ ಜೂನದಲ್ಲಿ ಪ್ರಕಟಿಸಿದೆ. ಎಣಿಕೆಯ ಕೆಲಸವು ಬೀಳುವದು ಫೆಬ್ರುವರಿಯಲ್ಲಿ, ಹತ್ತನೆಯ ಇಯತ್ತೆಯ ವಾರ್ಷಿಕ ಪರೀಕ್ಷೆಯು ಎದುರಿಗೆ ನಿಂತಿರುವಾಗ. ಇದು ಕಾಯಿದೆಯೇ ಒಪ್ಪಿದ ಕೆಲಸ, ಮಾಸ್ತರರು ಹೋಗಲೇಬೇಕು. ಆ ತಿಂಗಳು ಹುನಗುಂದದ ಕಡೆಯ ಯಾವದಾದರೊಂದು ಹಳ್ಳಿಯಲ್ಲಿ ಬಾತ್ಮೀದಾರನು ಖಾಲಿ ಕುರ್ಚಿಯ ಚಿತ್ರವನ್ನು ತೆಗೆದನಾದರೆ, ಆ ಚಿತ್ರದ ಕೆಳಗೆ ವಹಿಯೊಳಗಿನ ಆ ಒಂದು ಸಾಲು ಅಚ್ಚಾಗುವದೋ ಇಲ್ಲವೋ ಎಂಬದನ್ನು ವಾಚಕರು ನೋಡತಕ್ಕದ್ದು.